ಚಳಿಗಾಲದಲ್ಲಿ ಗುಹೆಗೆ ಬೀಗ ಯಾಕೆ? ಬಾವಲಿ, ಬೂಷ್ಟು ಮತ್ತು ನಿಮ್ಮ ಬೂಟು

ಪ್ರಶ್ನೆ: ಮೇಡಂ, ನಮಸ್ತೆ. ನಮ್ಮದು ಕೋಲಾರ. ಈಗ ಇರುವುದು ಅಮೆರಿಕದ ಕೆಂಟಕಿಯ ಲೂಯಿವಿಲ್‌ನಲ್ಲಿ. ಮ್ಯಾಮತ್ ಕೇವ್ ನೋಡಲು ಹೋದಾಗ, ಹೊರಗೆ ಬರುವಾಗ ಎಲ್ಲರನ್ನೂ ಒದ್ದೆ ಚಾಪೆಯ ಮೇಲೆ ನಡೆಸಿದರು. ಬಾವಲಿಗಳಿಗೆ ಏನೋ ರೋಗ ಬಂದಿದೆ ಅಂದರು. ಆಮೇಲೆ ನಾನೂ ಮಗಳೂ ಇಲ್ಲಿನ ಗುಹೆ ಸುತ್ತುವವರ ಕ್ಲಬ್ ಸೇರಿದೆವು. ನೋಡಿದರೆ ಒಂದೊಂದು ಗುಹೆಗೆ ಒಂದೊಂದು ನಿಯಮ. ಕೆಲವು ಚಳಿಗಾಲದಲ್ಲಿ ಬಂದ್, ಕೆಲವು ವರ್ಷವಿಡೀ ಬಂದ್. "ರೋಗ ಹರಡುವುದು ಬಾವಲಿಯಿಂದ ಬಾವಲಿಗೆ. ಎಲ್ಲ ಕಡೆ ಹರಡಿಯೂ ಆಯಿತು. ಇನ್ನು ನಮ್ಮನ್ನು ತಡೆದು ಏನು ಪ್ರಯೋಜನ?" ಅಂತ ಕ್ಲಬ್ಬಿನ ಹಿರಿಯರೊಬ್ಬರು ಕೇಳುತ್ತಾರೆ. ಅವರು ಹೇಳುವುದು ಸರಿಯೇ? ಇನ್ನೊಂದು ವಿಷಯ. ಡಿಸೆಂಬರ್‌ನಲ್ಲಿ ಊರಿಗೆ ಬರುತ್ತಿದ್ದೇವೆ. ಮಗಳಿಗೆ ಅಂತರಗಂಗೆ ಗುಹೆಗಳನ್ನು ತೋರಿಸಬೇಕು. ಇದೇ ಬೂಟು, ಹೆಡ್‌ಲ್ಯಾಂಪ್ ತರಬಹುದೇ? ಈ ರೋಗ ನಮಗೆ ಅಂಟುತ್ತದೆಯೇ?

ಉತ್ತರ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಈ ರೋಗ ಮನುಷ್ಯರಿಗೆ ಬರುವುದಿಲ್ಲ. ಇದನ್ನು ತರುವುದು ಒಂದು ಬೂಷ್ಟು. ಅದಕ್ಕೆ ತಂಪು ಬೇಕು. 12ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನಾಗಿ ಬೆಳೆಯುತ್ತದೆ, 20 ಡಿಗ್ರಿ ದಾಟಿದರೆ ಬೆಳವಣಿಗೆಯೇ ನಿಲ್ಲುತ್ತದೆ. ನಮ್ಮ ಮೈ 37 ಡಿಗ್ರಿ. ಹಾಗಾಗಿ ಮಗಳ ಬಗ್ಗೆ ಆ ಭಯ ಬೇಡ. ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು ಎಂಬುದು ಮಾತ್ರ ಎಲ್ಲಿದ್ದರೂ ನೆನಪಿರಲಿ. ಅದು ರೇಬಿಸ್‌ನ ಕಾರಣಕ್ಕೆ, ಈ ಬೂಷ್ಟಿನ ಕಾರಣಕ್ಕಲ್ಲ.

ನಿಮ್ಮ ಹಿರಿಯರ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ಯಾಕೆ ತಪ್ಪು ಅಂತ ತಿಳಿಯಬೇಕಾದರೆ ಈ ರೋಗ ಬಾವಲಿಯನ್ನು ಹೇಗೆ ಕೊಲ್ಲುತ್ತದೆ ಅಂತ ಮೊದಲು ನೋಡಬೇಕು.

ರೋಗದ ಹೆಸರು ವೈಟ್ ನೋಸ್ ಸಿಂಡ್ರೋಮ್. ಬೂಷ್ಟಿನ ಹೆಸರು ಸ್ಯೂಡೋಜಿಮ್ನೊಆಸ್ಕಸ್ ಡಿಸ್ಟ್ರಕ್ಟನ್ಸ್. ಮಲಗಿದ ಬಾವಲಿಯ ಮೂತಿ, ಕಿವಿ, ರೆಕ್ಕೆಯ ತೊಗಲಿನ ಮೇಲೆ ಹಿಟ್ಟು ಉದುರಿಸಿದ ಹಾಗೆ ಬೆಳ್ಳಗೆ ಬೆಳೆಯುತ್ತದೆ. ನಿಮ್ಮ ಕಡೆಯ ಬಾವಲಿಗಳು ಹುಳ ತಿಂದು ಬದುಕುವಂಥವು. ಚಳಿಗಾಲದಲ್ಲಿ ಹುಳ ಸಿಗುವುದಿಲ್ಲ. ಹಾಗಾಗಿ ಶರತ್ಕಾಲದಲ್ಲಿ ಹೊಟ್ಟೆ ತುಂಬ ತಿಂದು, ಮೈಯಲ್ಲಿ ಕೊಬ್ಬು ತುಂಬಿಕೊಂಡು, ಗುಹೆಯೊಳಗೆ ತಲೆಕೆಳಗಾಗಿ ನೇತುಬಿದ್ದು ತಿಂಗಳುಗಟ್ಟಲೆ ಮಲಗುತ್ತವೆ. ಆಗ ಅವುಗಳ ಮೈ ಗುಹೆಯಷ್ಟೇ ತಣ್ಣಗಾಗುತ್ತದೆ. ಎದೆಬಡಿತ ತೀರ ನಿಧಾನವಾಗುತ್ತದೆ. ರೋಗದ ಜೊತೆ ಹೋರಾಡುವ ಶಕ್ತಿಯೂ ಹೆಚ್ಚುಕಡಿಮೆ ಮಲಗಿರುತ್ತದೆ. ಬೂಷ್ಟಿಗೆ ಬೇಕಾದ್ದು ಇಂಥ ತಣ್ಣನೆಯ ಮೈಯೇ.

ಆರೋಗ್ಯವಾಗಿರುವ ಬಾವಲಿಯೂ ಚಳಿಗಾಲವಿಡೀ ಒಂದೇ ಸಮನೆ ಮಲಗಿರುವುದಿಲ್ಲ. ಒಂದೆರಡು ವಾರಕ್ಕೊಮ್ಮೆ ಎಚ್ಚರವಾಗಿ, ಮೈ ಬಿಸಿ ಮಾಡಿಕೊಂಡು, ಸ್ವಲ್ಪ ನೀರು ಕುಡಿದು ಮತ್ತೆ ಮಲಗುತ್ತದೆ. ತಣ್ಣಗಾದ ಮೈಯನ್ನು ಬಿಸಿ ಮಾಡಲು ತುಂಬಾ ಕೊಬ್ಬು ಉರಿಯಬೇಕು. ಇಡೀ ಚಳಿಗಾಲಕ್ಕೆ ಅಂತ ಕೂಡಿಟ್ಟ ಕೊಬ್ಬಿನಲ್ಲಿ ಬಹುಪಾಲು ಖರ್ಚಾಗುವುದು ಈ ಕೆಲವೇ ಕೆಲವು ಎಚ್ಚರಗಳಿಗೆ. ಬೂಷ್ಟು ರೆಕ್ಕೆಯ ತೊಗಲನ್ನು ಕೊರೆದರೆ ಮೈಯ ನೀರಿನಂಶ ಕಡಿಮೆಯಾಗುತ್ತದೆ. ಬಾವಲಿ ಮತ್ತೆ ಮತ್ತೆ ಏಳುತ್ತದೆ. ಎದ್ದಾಗಲೆಲ್ಲ ಕೊಬ್ಬು ಕರಗುತ್ತದೆ. ಫೆಬ್ರವರಿ ಹೊತ್ತಿಗೆ ಹೊಟ್ಟೆಗೆ ಏನೂ ಇಲ್ಲ, ಹೊರಗೆ ಹಿಮ. ಆದರೂ ಹಸಿವು ತಾಳಲಾರದೆ ನಡುಹಗಲಲ್ಲೇ ಹುಳ ಹುಡುಕಿಕೊಂಡು ಹೊರಗೆ ಹಾರಿ, ಹಿಮದ ಮೇಲೆ ಬಿದ್ದು ಸಾಯುತ್ತದೆ. ಕೊನೆಗೆ ಅದನ್ನು ಕೊಲ್ಲುವುದು ಹಸಿವು.

ಈಗ ಗುಹೆಗೆ ಹೋಗುವವರ ವಿಷಯಕ್ಕೆ ಬರುತ್ತೇನೆ. ಜನವರಿಯಲ್ಲಿ ಐದಾರು ಜನ ಮಾತಾಡುತ್ತಾ, ಹೆಡ್‌ಲ್ಯಾಂಪ್ ಬೆಳಕು ಹರಿಸುತ್ತಾ ಬಾವಲಿಗಳು ಮಲಗಿರುವ ಕೋಣೆ ದಾಟಿದರು ಅನ್ನಿ. ಒಂದನ್ನೂ ಮುಟ್ಟಲಿಲ್ಲ. ಬೂಟು ತೊಳೆದೇ ಬಂದಿದ್ದರು. ಆದರೂ ಕೆಲವು ಬಾವಲಿಗಳು ಎಚ್ಚರವಾಗುತ್ತವೆ. ತಕ್ಷಣ ಏಳುವುದಿಲ್ಲ. ಬಿಸಿಯಾಗಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ನೀವು ಮುಂದೆ ಹೋಗಿರುತ್ತೀರಿ. ಅದಕ್ಕೇ ಎಷ್ಟೋ ಜನ ಪ್ರಾಮಾಣಿಕವಾಗಿಯೇ ಹೇಳುತ್ತಾರೆ, "ನಾವು ಹೋದಾಗ ಒಂದೂ ಅಲುಗಾಡಲಿಲ್ಲ" ಅಂತ. ಅವರು ಸುಳ್ಳು ಹೇಳುತ್ತಿಲ್ಲ. ಎದ್ದದ್ದು ಅವರ ಬೆನ್ನ ಹಿಂದೆ.

ರೋಗ ಮಾಡುವುದೂ ಇದನ್ನೇ, ಜನ ಮಾಡುವುದೂ ಇದನ್ನೇ. ಎರಡೂ ಒಂದೇ ಕೊಬ್ಬಿಗೆ ಕೈ ಹಾಕುತ್ತವೆ. ನ್ಯೂಯಾರ್ಕ್, ವರ್ಮಾಂಟ್ ಕಡೆ ರೋಗ ಬಂದು ಹೋದ ಮೇಲೂ ಉಳಿದ ಪುಟ್ಟ ಕಂದು ಬಾವಲಿಗಳನ್ನು ತೂಗಿ ನೋಡಿದ್ದಾರೆ. ರೋಗ ಬರುವ ಮುಂಚಿನ ಬಾವಲಿಗಳಿಗಿಂತ ಕೆಲವು ಕಡೆ ಇವು ದಪ್ಪ. ಅಂದರೆ ಸ್ವಲ್ಪ ಹೆಚ್ಚು ಕೊಬ್ಬು ಕೂಡಿಟ್ಟವೇ ಬದುಕಿವೆ. ಎಂಟೊಂಬತ್ತು ಗ್ರಾಂ ತೂಗುವ ಪ್ರಾಣಿ ಅದು. ಅದರಲ್ಲಿ ಆ ಹೆಚ್ಚಿನ ಕೊಬ್ಬು ಎಷ್ಟಿದ್ದೀತು? ರೋಗ ಎಲ್ಲ ಕಡೆ ಹರಡಿ ಆಯಿತು, ಇನ್ನು ಬೀಗ ಯಾಕೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ರೋಗ ಬಂದು ಹೋದ ಗುಹೆಯಲ್ಲೇ ಚಳಿಗಾಲದ ನಿದ್ದೆ ಕೆಡಿಸದಿರುವುದು ಮೊದಲಿಗಿಂತ ಮುಖ್ಯ. ಬದುಕಿ ಉಳಿದ ಆ ನಾಲ್ಕು ಬಾವಲಿಗಳ ಸಂತಾನವೇ ಮುಂದಿನ ಪೀಳಿಗೆ. ಅದೂ ವರ್ಷಕ್ಕೆ ಒಂದೇ ಮರಿ.

ಇನ್ನು ಬೂಟಿನ ಮಾತು.

ರೋಗ ಹರಡುವುದು ಮುಖ್ಯವಾಗಿ ಬಾವಲಿಯಿಂದ ಬಾವಲಿಗೆ, ಇದು ನಿಜ. 2011ರಲ್ಲಿ ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ಆದರೆ ಮೊದಲ ಬಾವಲಿಗೆ ಅದು ಬಂದದ್ದು ಎಲ್ಲಿಂದ? ನ್ಯೂಯಾರ್ಕ್ ರಾಜ್ಯದ ಆಲ್ಬನಿ ಹತ್ತಿರದ ಹೌಸ್ ಕೇವ್‌ನಲ್ಲಿ 2006ರ ಫೆಬ್ರವರಿಯಲ್ಲಿ ಗುಹೆ ಸುತ್ತುವ ಒಬ್ಬರು ತೆಗೆದ ಫೋಟೋದಲ್ಲಿ ಬಿಳಿ ಮೂತಿಯ ಬಾವಲಿಗಳಿವೆ. ಅಮೆರಿಕದಲ್ಲಿ ಈ ರೋಗದ ಮೊದಲ ದಾಖಲೆ ಅದೇ. ಆ ಸುತ್ತಿನಲ್ಲೇ ವರ್ಷಕ್ಕೆ ಸಾವಿರಾರು ಪ್ರವಾಸಿಗಳು ಬರುವ ಗುಹೆ ಇದೆ. ಯುರೋಪಿನ ಬಾವಲಿಗಳ ಮೈಮೇಲೂ ಈ ಬೂಷ್ಟು ಇದೆ. ಆದರೆ ಅಲ್ಲಿ ಅವು ಹೀಗೆ ಗುಂಪುಗುಂಪಾಗಿ ಸಾಯುವುದಿಲ್ಲ. ತಲೆತಲಾಂತರದಿಂದ ಜೊತೆಗೇ ಬದುಕಿ ಒಗ್ಗಿಕೊಂಡಿವೆ. ಯುರೋಪಿನ ಬಾವಲಿ ಅಟ್ಲಾಂಟಿಕ್ ಸಾಗರ ದಾಟಿ ಬರುವುದಿಲ್ಲ. ದಾಟುವವರು ನಾವು. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಸಂಶೋಧನೆ ಯುರೋಪು, ಏಷ್ಯಾಗಳಿಂದ ಸಾವಿರಾರು ಮಾದರಿ ಕೂಡಿಹಾಕಿ ಇದರ ಮೂಲ ಹುಡುಕಿದೆ. ಅಮೆರಿಕಕ್ಕೆ ಬಂದ ಬೂಷ್ಟಿನ ಮೂಲ ಉಕ್ರೇನಿನ ಪೊಡಿಲ್ಯ ಪ್ರದೇಶ ಅಂತ ಅದು ಹೇಳುತ್ತದೆ. ಜಗತ್ತಿನ ಅತಿ ಉದ್ದದ ಜಿಪ್ಸಂ ಗುಹೆಗಳಿರುವ ಜಾಗ ಅದು. ದೇಶದೇಶಗಳಿಂದ ಗುಹೆ ಸುತ್ತುವವರು ಅಲ್ಲಿಗೆ ಹೋಗುತ್ತಾರೆ.

ಆ ಸಂಶೋಧನೆಯಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ವಿಷಯ. ಒಂದೇ ಬೂಷ್ಟು ಅಂತ ನಾವೆಲ್ಲ ತಿಳಿದಿದ್ದದ್ದು ವಾಸ್ತವವಾಗಿ ಎರಡು ಪ್ರಭೇದ. ಒಂದೊಂದಕ್ಕೂ ಬೇರೆ ಬೇರೆ ಬಾವಲಿಗಳು ಇಷ್ಟ. ಅಮೆರಿಕಕ್ಕೆ ಬಂದಿರುವುದು ಒಂದು ಮಾತ್ರ. ಎರಡನೆಯದು ಇನ್ನೂ ಬಂದಿಲ್ಲ. "ಬರಬೇಕಾದ್ದೆಲ್ಲ ಬಂದಾಯಿತು" ಅನ್ನುವವರಿಗೆ ಇದನ್ನು ದಯವಿಟ್ಟು ಹೇಳಿ.

ಅಮೆರಿಕದ ಒಳಗೂ ಅಷ್ಟೇ. ಮೊದಲ ಹತ್ತು ವರ್ಷ ರೋಗ ನ್ಯೂಯಾರ್ಕ್‌ನಿಂದ ಪಕ್ಕದ ರಾಜ್ಯ, ಅದರ ಪಕ್ಕದ ರಾಜ್ಯ ಅಂತ ಬಾವಲಿಗಳ ಜೊತೆ ಮೆಲ್ಲಗೆ ಹರಡಿತು. 2016ರ ಮಾರ್ಚ್‌ನಲ್ಲಿ ಇದ್ದಕ್ಕಿದ್ದ ಹಾಗೆ ಪಶ್ಚಿಮ ತೀರದ ವಾಷಿಂಗ್ಟನ್ ರಾಜ್ಯದಲ್ಲಿ, ನಾರ್ತ್ ಬೆಂಡ್ ಎಂಬ ಊರಿನ ಹತ್ತಿರ, ಒಂದು ಬಾವಲಿ ಸಿಕ್ಕಿತು. ಆಗ ರೋಗ ಇದ್ದ ಅತಿ ಹತ್ತಿರದ ಜಾಗವೇ ಅಲ್ಲಿಂದ ಸುಮಾರು 2,000 ಕಿಲೋಮೀಟರ್ ದೂರ. ಯಾವ ಬೂಟು, ಯಾವ ಲಾರಿ ಅಂತ ಯಾರೂ ತೋರಿಸಿಲ್ಲ. ಆದರೆ ಅಷ್ಟು ದೂರದ ನೆಗೆತ ಪುಟ್ಟ ಬಾವಲಿಗಳದ್ದಲ್ಲ ಅಂತಲೇ ನನ್ನ ಅಭಿಪ್ರಾಯ. ಬೂಷ್ಟಿನ ಬೀಜಕಣಗಳು ಬಾವಲಿಯೇ ಇಲ್ಲದ ಗುಹೆಯ ಮಣ್ಣಿನಲ್ಲೂ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ. ಕಾರಿನ ಡಿಕ್ಕಿಯಲ್ಲಿ ಒಣಗಿದ ಕೆಸರಿನ ಬೂಟು ಇದ್ದರೆ ಅದು ಪ್ರಯಾಣ ಮಾಡುತ್ತದೆ ಅಂತಲೇ ಲೆಕ್ಕ.

ಮ್ಯಾಮತ್ ಕೇವ್‌ನ ಚಾಪೆಯ ಉದ್ದೇಶ ಈಗ ನಿಮಗೆ ತಿಳಿದಿರಬೇಕು. ಅಲ್ಲಿಗೆ ರೋಗ ಬಂದದ್ದು 2013ರಲ್ಲಿ. 680 ಕಿಲೋಮೀಟರಿಗಿಂತ ಜಾಸ್ತಿ ಉದ್ದದ ಆ ಗುಹೆಯನ್ನು ಅವರು ಮುಚ್ಚಲಿಲ್ಲ. ಪ್ರವಾಸಿಗಳು ನಡೆಯುವ ದಾರಿ ಬೇರೆ, ಬಾವಲಿ ಹೆಚ್ಚು ಮಲಗುವ ಜಾಗ ಬೇರೆ. ಹಾಗಾಗಿ ಜನ ಬರಲಿ, ಆದರೆ ಇಲ್ಲಿನ ಮಣ್ಣು ಮುಂದಿನ ಗುಹೆಗೆ ಹೋಗದಿರಲಿ ಅಂತ ಹೊರಗೆ ಬರುವಾಗ ನಡೆಸುತ್ತಾರೆ. ಪಶ್ಚಿಮದ ಕೆಲವು ರಾಷ್ಟ್ರೀಯ ಉದ್ಯಾನಗಳಲ್ಲಿ ಒಳಗೆ ಹೋಗುವ ಮುಂಚೆಯೇ "ಬೇರೆ ಗುಹೆಗೆ ಹಾಕಿಕೊಂಡ ಬಟ್ಟೆ, ಬೂಟು ತಂದಿದ್ದೀರಾ?" ಅಂತ ಕೇಳುತ್ತಾರೆ. ದಯವಿಟ್ಟು ಅಲ್ಲಿ ನಿಜ ಹೇಳಿ.

ಹಾಗಾದರೆ ಎಲ್ಲ ಗುಹೆಗಳನ್ನೂ ಮುಚ್ಚಿಬಿಡಬೇಕೇ? ಬೇಡ ಅಂತ ನಾನು ಹೇಳುತ್ತೇನೆ. ಬಾವಲಿಗಳ ಬಗ್ಗೆ ಕೆಲಸ ಮಾಡುವ ಎಲ್ಲರೂ ಇದನ್ನು ಒಪ್ಪುವುದಿಲ್ಲ.

2009ರ ಮಾರ್ಚ್‌ನಲ್ಲಿ ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆ ರೋಗ ಇರುವ ರಾಜ್ಯಗಳಲ್ಲಿ ಗುಹೆಗೆ ಹೋಗುವುದನ್ನು ಸದ್ಯಕ್ಕೆ ನಿಲ್ಲಿಸಿ ಅಂತ ಕೇಳಿಕೊಂಡಿತು. ಸರ್ಕಾರಿ ಜಮೀನಿನ ಎಷ್ಟೋ ಗುಹೆಗಳಿಗೆ ಬೀಗ ಬಿತ್ತು. ಆ ಹೊತ್ತಿಗೆ ಅದು ಸರಿಯೇ. ಏನು ರೋಗ, ಹೇಗೆ ಬರುತ್ತದೆ ಅಂತಲೇ ಗೊತ್ತಿಲ್ಲದಾಗ ಬಾಗಿಲು ಹಾಕುವುದೇ ಬುದ್ಧಿವಂತಿಕೆ. ಆದರೆ ಬಾವಲಿಯೇ ಇಲ್ಲದ ಗುಹೆಗೂ ವರ್ಷಾನುಗಟ್ಟಲೆ ಬೀಗ ಮುಂದುವರಿದಾಗ ನಷ್ಟವೂ ಆಯಿತು. ಗುಹೆಗಳನ್ನು ಅಳೆದು ನಕ್ಷೆ ಮಾಡುವವರು, ಒಳಗಿನ ಕಸ ಹೊತ್ತು ತರುವವರು, ಬಾವಲಿ ಸತ್ತಿದ್ದರೆ ಇಲಾಖೆಗೆ ಹೇಳುವವರು ನಿಮ್ಮ ಕ್ಲಬ್ಬಿನಂಥ ಕ್ಲಬ್ಬಿನ ಜನರೇ. ಮೊದಲ ಫೋಟೋ ತೆಗೆದವರೂ ಅವರಲ್ಲೊಬ್ಬರು, ಅಲ್ವಾ? ಅವರನ್ನು ಹೊರಗಿಟ್ಟರೆ ಗುಹೆಯೊಳಗೆ ಕಣ್ಣೇ ಇಲ್ಲದಂತಾಗುತ್ತದೆ. ಕೆಂಟಕಿ, ಟೆನೆಸ್ಸಿ ಕಡೆ ಬಹುತೇಕ ಗುಹೆಗಳು ಖಾಸಗಿ ಜಮೀನಿನಲ್ಲಿವೆ. ಅಲ್ಲಿ ಸರ್ಕಾರದ ಬೀಗ ನಡೆಯುವುದಿಲ್ಲ. ಜಮೀನಿನ ಯಜಮಾನರು ಮತ್ತು ಕ್ಲಬ್ಬಿನವರ ನಡುವಿನ ಮಾತುಕತೆಯೇ ಅಲ್ಲಿ ಬಾವಲಿಗಿರುವ ರಕ್ಷಣೆ. ಬೇಕಿಲ್ಲದ ಕಡೆ ಬಾಗಿಲು ಹಾಕಿದರೆ ಜನರ ನಂಬಿಕೆ ಹೋಗುತ್ತದೆ. ನಂಬಿಕೆ ಹೋದವರು ಬೇಕಾದ ಕಡೆಯೂ ಮಾತು ಕೇಳುವುದಿಲ್ಲ.

ಬೇಕಾದ ಕಡೆ ಬೀಗ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಬೂದು ಬಾವಲಿ ಸಾಕ್ಷಿ. 1976ರಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಆಗ ಈ ರೋಗ ಇರಲೇ ಇಲ್ಲ. ಅದನ್ನು ಆ ಸ್ಥಿತಿಗೆ ತಂದದ್ದು ಮುಖ್ಯವಾಗಿ ಗುಹೆಗೆ ನುಗ್ಗುವ ಜನ. ಹೆಚ್ಚೂಕಡಿಮೆ ಎಲ್ಲ ಬೂದು ಬಾವಲಿಗಳೂ ಚಳಿಗಾಲ ಕಳೆಯುವುದು ಬೆರಳೆಣಿಕೆಯ ಗುಹೆಗಳಲ್ಲಿ. ಆ ಗುಹೆಗಳಿಗೆ ಅಡ್ಡ ಸರಳುಗಳ ಬಾಗಿಲು ಹಾಕಿದರು. ಸರಳುಗಳ ನಡುವೆ ಸುಮಾರು 15 ಸೆಂಟಿಮೀಟರ್ ಸಂದು. ಬಾವಲಿ ಹಾರಿ ಹೋಗುತ್ತದೆ, ಮನುಷ್ಯ ನುಸುಳಲಾರ. ಸಂಖ್ಯೆ ಏರಿತು. ಅಲಬಾಮಾದ ಫರ್ನ್ ಕೇವ್ ಒಂದರಲ್ಲೇ ಈಗ ಚಳಿಗಾಲದಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಇವೆ. ಬೂದು ಬಾವಲಿ ಬೇಸಿಗೆಯಲ್ಲೂ ಗುಹೆಯಲ್ಲೇ ಮರಿ ಹಾಕುತ್ತದೆ. ನಿಮ್ಮ ಕಡೆ ಕೆಲವು ಗುಹೆಗಳಿಗೆ ಬೇಸಿಗೆಯಲ್ಲೂ ಬೀಗ ಇರುವುದು ಅದಕ್ಕೇ.

ಬಾಗಿಲು ಹಾಕುವುದನ್ನೂ ಗೊತ್ತಿದ್ದವರೇ ಮಾಡಬೇಕು. ನಿಮ್ಮ ಊರಿನಿಂದ ನದಿ ದಾಟಿ ಇಂಡಿಯಾನಾಕ್ಕೆ ಹೋದರೆ ವೈಯಾಂಡಾಟ್ ಗುಹೆ ಇದೆ. ಹಿಂದೆ ಅದರ ಬಾಯಿಗೆ ಕಲ್ಲಿನ ಗೋಡೆ ಕಟ್ಟಿದ್ದರು. ಒಳಗೆ ತಣ್ಣನೆ ಗಾಳಿ ಹೋಗುವುದು ಕಡಿಮೆಯಾಯಿತು. ಗುಹೆ ಬೆಚ್ಚಗಾಯಿತು. ಬೆಚ್ಚಗಿದ್ದರೆ ಬಾವಲಿಯ ಕೊಬ್ಬು ಬೇಗ ಕರಗುತ್ತದೆ. ಸಂಖ್ಯೆ ಇಳಿಯಿತು. ಗೋಡೆ ತೆಗೆದು, ಗಾಳಿಯಾಡುವ ಬಾಗಿಲು ಇಟ್ಟ ಮೇಲೆ ಅಲ್ಲಿ ಮಲಗುವ ಇಂಡಿಯಾನಾ ಬಾವಲಿ ಎಂಬ ಜಾತಿಯವು ಮತ್ತೆ ಹೆಚ್ಚಾದವು. ಇದೇ ಗುಹೆಯನ್ನು ರೋಗದ ಭಯದಿಂದ 2009ರಲ್ಲಿ ಮುಚ್ಚಿ, 2016ರಲ್ಲಿ ಮತ್ತೆ ತೆರೆದರು. ಈಗ ಬೇಸಿಗೆಯಲ್ಲಿ ಜನ, ಚಳಿಗಾಲದಲ್ಲಿ ಬಾವಲಿ. ನನಗೆ ಸರಿ ಅನ್ನಿಸುವುದು ಈ ಬಗೆಯ ಏರ್ಪಾಡು. ಮಗಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ.

ಒಂದೊಂದು ಗುಹೆಗೆ ಒಂದೊಂದು ನಿಯಮ ಅಂತ ನಿಮಗೆ ಗೊಂದಲ ಅನ್ನಿಸಿದೆ. ಅದು ಹಾಗೇ ಇರಬೇಕು. ಬಾವಲಿ ಮಲಗುವ ಗುಹೆಗೆ ಶರತ್ಕಾಲದಿಂದ ವಸಂತದವರೆಗೆ ಬೀಗ. ಮರಿ ಹಾಕುವ ಗುಹೆಗೆ ಬೇಸಿಗೆಯಲ್ಲಿ ಬೀಗ. ಎರಡೂ ಇಲ್ಲದ ಗುಹೆ ತೆರೆದಿರಲಿ. ತೊಳೆದ ಸಾಮಾನು ಮಾತ್ರ ಎಲ್ಲ ಕಡೆ, ಎಲ್ಲ ಕಾಲದಲ್ಲಿ.

ತೊಳೆಯುವುದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದರಲ್ಲೇ ಜಾಸ್ತಿ ಜನ ಎಡವುವುದು. ಮೊದಲು ಕೆಸರು ಹೋಗಬೇಕು. ಕೆಸರಿನ ಮೇಲೆ ಯಾವ ಔಷಧಿ ಹಾಕಿದರೂ ಒಳಗೆ ಇಳಿಯುವುದಿಲ್ಲ. ಬೂಟಿನ ಅಡಿಯ ಸಂದುಗಳನ್ನು ಗಟ್ಟಿ ಬ್ರಷ್‌ನಿಂದ ಉಜ್ಜಿ. ಲೇಸ್ ಬಿಚ್ಚಿ, ನಾಲಿಗೆಯ ಕೆಳಗೆ ನೋಡಿ, ಅಲ್ಲಿ ಯಾವಾಗಲೂ ಒಂದು ಪದರ ಮಣ್ಣು ಇದ್ದೇ ಇರುತ್ತದೆ. ಹೆಡ್‌ಲ್ಯಾಂಪಿನ ಪಟ್ಟಿ, ಮೊಣಕಾಲು ಪ್ಯಾಡಿನ ಒಳಬದಿ ಮರೆಯಬೇಡಿ. ಆಮೇಲೆ ಬೂಟು, ಬಟ್ಟೆ ಎಲ್ಲವನ್ನೂ 55 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಪೂರ್ತಿ ಮುಳುಗಿಸಿ 20 ನಿಮಿಷ ಬಿಡಿ. ಅಡುಗೆಯ ಥರ್ಮಾಮೀಟರ್ ಇದ್ದರೆ ಸಾಕು. ನೀರು ಆರುತ್ತಾ ಹೋಗುತ್ತದೆ, ಹಾಗಾಗಿ ನಡುವೆ ಒಮ್ಮೆ ನೋಡಿ ಬಿಸಿ ಸೇರಿಸಿ. ನೀರಿಗೆ ಹಾಕಲಾಗದ ಲ್ಯಾಂಪ್, ಕ್ಯಾಮೆರಾ, ಫೋನುಗಳನ್ನು 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ವೈಪ್‌ನಿಂದ ಒರೆಸಿ. ಹಗ್ಗಕ್ಕೆ ಬ್ಲೀಚ್ ಹಾಕಬೇಡಿ, ಅದು ಹಗ್ಗವನ್ನು ಒಳಗಿಂದ ದುರ್ಬಲ ಮಾಡುತ್ತದೆ. ನಿಮ್ಮ ಪ್ರಾಣ ನೇತಾಡುವುದು ಅದರ ಮೇಲೆ. ಗುಹೆಯಿಂದ ಮನೆಗೆ ತರುವಾಗ ಎಲ್ಲವೂ ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿರಲಿ.

ಒಂದು ಸಣ್ಣ ವಿಷಯ, ನೀವು ಖಂಡಿತ ನೋಡುತ್ತೀರಿ ಅಂತ ಹೇಳುತ್ತಿದ್ದೇನೆ. ಟ್ರೈಕಲರ್ಡ್ ಬಾವಲಿ ಅಂತ ಒಂದಿದೆ. ಗುಂಪು ಸೇರದೆ ಒಂಟಿಯಾಗಿ, ತೇವದ ಜಾಗದಲ್ಲಿ ಮಲಗುತ್ತದೆ. ಅದರ ತಣ್ಣನೆ ರೋಮದ ಮೇಲೆ ನೀರಿನ ಹನಿ ಕೂತು ಬೆಳಕು ಬಿದ್ದಾಗ ಬೆಳ್ಳಗೆ ಹೊಳೆಯುತ್ತದೆ. ಹೊಸಬರು ರೋಗ ಅಂದುಕೊಳ್ಳುತ್ತಾರೆ. ಹನಿ ಇದ್ದರೆ ಮೈಯೆಲ್ಲ ಮಿನುಗುತ್ತದೆ. ಬೂಷ್ಟು ಮಿನುಗುವುದಿಲ್ಲ, ಮೂತಿ, ಕಿವಿ, ರೆಕ್ಕೆಯ ಮೇಲೆ ಪುಡಿಯಂತೆ ಕೂತಿರುತ್ತದೆ. ಯಾವುದೇ ಆಗಲಿ, ಹತ್ತಿರ ಹೋಗಿ ನೋಡುವುದು ಬೇಡ. ದೂರದಿಂದ ಒಂದು ಫೋಟೋ, ಫ್ಲ್ಯಾಶ್ ಇಲ್ಲದೆ, ತೆಗೆದು ರಾಜ್ಯದ ವನ್ಯಜೀವಿ ಇಲಾಖೆಗೆ ಕಳಿಸಿ. ಈ ಬಾವಲಿ, ಪುಟ್ಟ ಕಂದು ಬಾವಲಿ, ಉತ್ತರದ ಉದ್ದಕಿವಿ ಬಾವಲಿ, ಈ ಮೂರರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಈ ರೋಗಕ್ಕೆ ಬಲಿಯಾಗಿವೆ. ಒಂದೊಂದು ಬಾವಲಿಯ ಸುದ್ದಿಯೂ ಅವರಿಗೆ ಬೇಕು.

ಬಾವಲಿ ಸತ್ತರೆ ನಮಗೇನು ಅಂತ ಕ್ಲಬ್ಬಿನಲ್ಲಿ ಯಾರಾದರೂ ಕೇಳಿದರೆ ಶಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಎಯಾಲ್ ಫ್ರಾಂಕ್ 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದದ್ದನ್ನು ಹೇಳಿ. ಬಾವಲಿ ಸತ್ತ ಕೌಂಟಿಗಳಲ್ಲಿ, ಅಂದರೆ ಅಲ್ಲಿನ ಜಿಲ್ಲೆಗಳಲ್ಲಿ, ಹುಳ ತಿನ್ನುವವರಿಲ್ಲದೆ ರೈತರು ಸುಮಾರು 31 ಶೇಕಡಾ ಜಾಸ್ತಿ ಕೀಟನಾಶಕ ಹೊಡೆದರು. ಅದೇ ಕೌಂಟಿಗಳಲ್ಲಿ ಶಿಶುಮರಣ ಸುಮಾರು 8 ಶೇಕಡಾ ಏರಿತು. ನನ್ನ ಮಟ್ಟಿಗೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಇನ್ನು ನಿಮ್ಮ ಕೋಲಾರದ ಪ್ರವಾಸ. ಅಂತರಗಂಗೆಯ ಗುಹೆಗಳು ದೊಡ್ಡ ದೊಡ್ಡ ಬಂಡೆಗಳು ಒಂದರ ಮೇಲೊಂದು ಬಿದ್ದು ಆದ ಸಂದುಗಳು. ಕೆಂಟಕಿಯ ಗುಹೆಗಳ ಹಾಗೆ ತಣ್ಣಗಿರುವುದಿಲ್ಲ. ನಮ್ಮ ಬಾವಲಿಗಳು ಅಲ್ಲಿನವುಗಳಂತೆ ತಿಂಗಳುಗಟ್ಟಲೆ ತಣ್ಣಗೆ ಮಲಗುವುದೂ ಇಲ್ಲ. ಆ ಬೂಷ್ಟು ಇಲ್ಲಿ ಬೆಳೆಯುವ ಸಂಭವ ತೀರ ಕಡಿಮೆ. ಹಾಗಂತ ಬೂಟು ತರಬಹುದು ಅಂತ ನಾನು ಹೇಳುವುದಿಲ್ಲ. ಇಲ್ಲಿಗೆ ಬಂದವರು ಮುಂದೆ ಹಿಮಾಲಯದ ಕಡೆ ಹೋಗುವುದುಂಟು. ಅಲ್ಲಿನ ಗುಹೆಗಳು ತಂಪು. ಬೂಟು ವಾಪಸ್ ಹೋಗುವಾಗ ಇಲ್ಲಿನದೂ ಏನಾದರೂ ಅಮೆರಿಕಕ್ಕೆ ಹೋಗಬಹುದು. ಗುಹೆಗೆ ಹಾಕಿದ ಸಾಮಾನು ಖಂಡ ದಾಟಬಾರದು, ತೊಳೆದಿದ್ದರೂ ಅಷ್ಟೇ. ಈ ಬೂಷ್ಟು ಇನ್ನೂ ತಲುಪದ ಆಸ್ಟ್ರೇಲಿಯಾದವರು ಹೊರಗಿನಿಂದ ಬರುವವರಿಗೆ ಇದನ್ನೇ ಒತ್ತಿ ಹೇಳುತ್ತಾರೆ.

ಕೋಲಾರದಲ್ಲಿ ಬಾವಲಿಗಿರುವ ಕಷ್ಟ ಬೇರೆ. ನಿಮ್ಮ ಜಿಲ್ಲೆಯ ಹನುಮನಹಳ್ಳಿಯ ಒಂದು ಗುಹೆಯಲ್ಲಿ ಕೋಲಾರದ ಎಲೆಮೂಗಿನ ಬಾವಲಿ ಇದೆ. ಜಗತ್ತಿನಲ್ಲಿ ಅದು ಉಳಿದಿರುವುದು ಅಲ್ಲಿ ಮಾತ್ರ, ಇನ್ನೂರಕ್ಕಿಂತ ಕಡಿಮೆ. ಅದಕ್ಕೆ ಕುತ್ತು ತಂದದ್ದು ಯಾವ ಬೂಷ್ಟೂ ಅಲ್ಲ, ಸುತ್ತಲಿನ ಗ್ರಾನೈಟ್ ಕಲ್ಲು ಒಡೆಯುವ ಕೆಲಸ. ಅದನ್ನು ನೋಡಲು ಹೋಗಬೇಡಿ. ಮಗಳಿಗೆ ಅದರ ಕತೆ ಹೇಳಿದರೆ ಸಾಕು. ಅಂತರಗಂಗೆಗೆ ಬೆಂಗಳೂರಿನಿಂದ ರಾತ್ರಿ ಟ್ರೆಕ್‌ಗೆ ದೊಡ್ಡ ಗುಂಪುಗಳು ಬರುತ್ತವೆ. ಸ್ಪೀಕರ್, ಕೂಗಾಟ, ಗುಹೆಯ ಬಾಯಲ್ಲೇ ಬೆಂಕಿ, ಹೊಗೆ. ಬಾವಲಿ ಬೇಟೆಗೆ ಹೊರಡುವ ಹೊತ್ತಿಗೇ ದಾರಿಗೆ ಜನ ಅಡ್ಡ ನಿಂತಿರುತ್ತಾರೆ. ಹಾಗಾಗಿ ನೀವು ಬೆಳಗ್ಗೆ ಹೋಗಿ. ನಾಲ್ಕೈದು ಜನರಿಗಿಂತ ಹೆಚ್ಚು ಬೇಡ. ಒಳಗೆ ಹಿಕ್ಕೆಯ ವಾಸನೆ ಜೋರಾಗಿ ಬಂದರೆ, ಚಿಲಿಪಿಲಿ ಸದ್ದು ಕೇಳಿದರೆ ಅಲ್ಲಿಗೆ ನಿಂತು ವಾಪಸ್ ಬನ್ನಿ. ಒಣಗಿದ ಹಿಕ್ಕೆಯ ಪುಡಿ ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಬೆಳಕನ್ನು ನೆಲದ ಕಡೆ ಹಿಡಿಯಿರಿ, ಮಾತು ಮೆಲ್ಲಗೆ.

ಬೂಟು, ಹೆಡ್‌ಲ್ಯಾಂಪ್ ಎರಡನ್ನೂ ಲೂಯಿವಿಲ್‌ನಲ್ಲೇ ಬಿಟ್ಟು ಬನ್ನಿ. ಕೋಲಾರದಲ್ಲೇ ಮಗಳಿಗೊಂದು ಜೊತೆ ಕ್ಯಾನ್ವಾಸ್ ಶೂ, ಒಂದು ಟಾರ್ಚ್ ಕೊಡಿಸಿ. ಹೊರಡುವಾಗ ಅವನ್ನು ಊರಿನ ಮನೆಯಲ್ಲೇ ಇಟ್ಟು ಹೋಗಿ, ಮುಂದಿನ ಸಲಕ್ಕೆ ಬೇಕಾಗುತ್ತದೆ.